ಸುಂಕದವನ ಮುಂದೆ ಆಸ್ಪತ್ರೆಯ ಸುಖದುಃಖ

ಕಳೆದ ತಿಂಗಳು ಬಂಧುವೊಬ್ಬರನ್ನು ನೋಡಲು ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಯಾವುದೆಂದು ಹೇಳಲಾರೆ. ನಾಲ್ಕೂ ಕಡೆ ನನ್ನ ಶಿಷ್ಯರು ನೌಕರಿಯಲ್ಲಿದ್ದಾರೆ. ಅವರ ಮನಸ್ಸನ್ನು ನೋಯಿಸುವ ಉದ್ದೇಶ ನನಗಿಲ್ಲ. ನರ್ಸ್ ಒಬ್ಬರು ಕೈಗೊಂದು ಚೀಟಿ ಕೊಟ್ಟು, "ಇಷ್ಟು ಹೊರಗಿಂದ ತರಸ್ರಿ, ಸ್ಟಾಕ್ ಇಲ್ಲ" ಎಂದರು. ಕ್ಯಾನುಲಾ, ಡ್ರಿಪ್ ಸೆಟ್, ಸಿರಿಂಜು, ಕೈಗವಸು. ಪಿಂಚಣಿ ಬರುವ ನನಗೆ ಆ ಬಿಲ್ಲು ಭಾರವಾಗಲಿಲ್ಲ. ಆದರೆ ಎದುರಿನ ಅಂಗಡಿಯಲ್ಲಿ ನನ್ನ ಪಕ್ಕದಲ್ಲಿ ಅಂಥದೇ ಚೀಟಿ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು ಮೊದಲು ಬೆಲೆ ಕೇಳಿದಳು, ಆಮೇಲೆ ಅರ್ಧವನ್ನಷ್ಟೇ ಕೊಂಡಳು. ಯಾವ ಅರ್ಧ ಬೇಕು, ಯಾವ ಅರ್ಧ ಬೇಡ ಎಂಬುದನ್ನು ಅಂಗಡಿಯವನೇ ನಿರ್ಧರಿಸಿದ.

ನಾನು ಬಾಲಕನಾಗಿದ್ದಾಗ ದವಾಖಾನೆಗೆ ಬಾಟಲಿಯನ್ನು ಮನೆಯಿಂದಲೇ ಒಯ್ಯಬೇಕಾಗಿತ್ತು. ಕಂಪೌಂಡರ್ ಅದರಲ್ಲಿ ಕೆಂಪು ಔಷಧಿ ಸುರಿದು ಕೊಡುತ್ತಿದ್ದ. ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಆ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಒಮ್ಮೆ ಬಳಸಿ ಎಸೆಯುವ ಪದ್ಧತಿಯಿಂದ ಎಷ್ಟೋ ಜನ ಸೋಂಕಿನಿಂದ ಪಾರಾಗಿದ್ದಾರೆ. ಆದರೆ ಎಸೆಯುವ ಪ್ರತಿಯೊಂದು ವಸ್ತುವಿಗೂ ಬೆಲೆಯಿದೆ, ಬೆಲೆಯೊಳಗೆ ತೆರಿಗೆಯಿದೆ.

2020ರ ಕೇಂದ್ರ ಬಜೆಟ್ಟಿನಲ್ಲಿ ಹಲವು ಆಮದು ವೈದ್ಯಕೀಯ ಉಪಕರಣಗಳ ಮೇಲೆ ಶೇ. 5ರ ಆರೋಗ್ಯ ಸೆಸ್ ವಿಧಿಸಲಾಯಿತು. ದೇಶದಲ್ಲಿಯೇ ತಯಾರಿಕೆ ಬೆಳೆಯಲೆಂಬ ಆಶಯ ಒಳ್ಳೆಯದೇ. ಆದರೆ ಸೆಸ್ಸಿನ ಹಣ ಹಿಂದುಳಿದ ಜಿಲ್ಲೆಗಳಲ್ಲಿ ಆರೋಗ್ಯ ಸೌಲಭ್ಯ ನಿರ್ಮಿಸಲಿಕ್ಕೆ ಎಂದೂ ಹೇಳಿದರು. ಆಸ್ಪತ್ರೆ ಕೊಳ್ಳುವ ವಸ್ತುವಿಗೆ ಸುಂಕ ಹಾಕಿ, ಆ ಸುಂಕದಿಂದ ಆಸ್ಪತ್ರೆ ಕಟ್ಟುವ ಈ ಲೆಕ್ಕವನ್ನು ಏಳನೆಯ ಇಯತ್ತೆಯ ಹುಡುಗ ಬರೆದಿದ್ದರೆ ನಾನು ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ಅಗತ್ಯ ಔಷಧಿಗಳ ಗರಿಷ್ಠ ಬೆಲೆಯೂ ಸಗಟು ಬೆಲೆ ಸೂಚ್ಯಂಕದೊಡನೆ ಏರುತ್ತದೆ. 2022ರ ಏಪ್ರಿಲ್‌ನಲ್ಲಿ ಶೇ. 10.76, ಮರುವರ್ಷ ಶೇ. 12.12 ಏರಿಕೆಗೆ ಅವಕಾಶ ದೊರೆಯಿತು. ನೂರು ರೂಪಾಯಿಯದು ಎರಡೇ ವರ್ಷದಲ್ಲಿ ನೂರಾ ಇಪ್ಪತ್ನಾಲ್ಕಾಗಬಹುದಾಯಿತು.

ಇದರ ಪರಿಣಾಮ ಖಾಸಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಲ್ಲಿಲ್ಲ. ಅಲ್ಲಿ ಅದು ಬರಿದಾದ ಕಪಾಟಾಗಿ ಕಾಣಿಸುತ್ತದೆ. ಟೆಂಡರಿನಲ್ಲಿ ಒಪ್ಪಿದ ದರ ಒಂದು, ಮಾರುಕಟ್ಟೆಯ ದರ ಮತ್ತೊಂದು ಆದಾಗ ಸರಕು ತಡವಾಗುತ್ತದೆ. ಔಷಧಾಲಯದಲ್ಲಿರುವ ನನ್ನ ಶಿಷ್ಯ ಹೇಳಿದ್ದಿಷ್ಟೇ: "ಸರ್, ನಾವು ಇಂಡೆಂಟ್ ಹಾಕೇವ್ರಿ. ಹಳೇ ದರದಾಗ ಕೊಡಾಕ ಅವರು ಹಿಂದ ಮುಂದ ನೋಡತಾರ್ರೀ." ಆಗ ಚೀಟಿ ಹುಟ್ಟುತ್ತದೆ. ಸುಂಕವನ್ನು ಕೊನೆಗೆ ತೆರುವವಳು ಆ ಹೆಣ್ಣುಮಗಳು.

ಹಾಗೆಂದು ಅತಿ ಕಡಿಮೆ ದರಕ್ಕೆ ಕೊಟ್ಟವನಿಂದಲೇ ಕೊಳ್ಳುವುದು ಉಳಿತಾಯವೆಂದು ನಾನು ಒಪ್ಪಲಾರೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ತೀರಿಕೊಂಡರು. ಸಂಶಯ ಡ್ರಿಪ್ಪಿನ ದ್ರಾವಣದ ಮೇಲೆ ಬಿದ್ದಿತು. ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಅವರ ಮನೆಗಳಲ್ಲಿ ತಾಯಿಯಿಲ್ಲದೆ ಬೆಳೆಯುತ್ತಿರುವ ಕೂಸುಗಳ ಮುಂದೆ ದರಪಟ್ಟಿಯ ಮಾತು ಹೇಗೆ ಆಡುವುದು? ಮಿತವ್ಯಯ ಬೇಕಾದದ್ದು ಉಗ್ರಾಣದಲ್ಲಿ, ಗುಣಮಟ್ಟದಲ್ಲಲ್ಲ.

ಉಗ್ರಾಣದ ಮಾತು ಹೇಳುತ್ತೇನೆ. ಒಂದು ಕಡೆ ಸರಕು ಅವಧಿ ಮೀರಿ ಹಾಳಾಗುವಾಗ ಇನ್ನೊಂದು ಕಡೆ ಅದೇ ಸರಕಿಗೆ ಚೀಟಿ ಬರೆಯುವಂತಾಗಬಾರದು. ಸವಣೂರಿನಿಂದ ಶಿಗ್ಗಾವಿಗೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯದು. ತಿಂಗಳಿಗೊಮ್ಮೆ ನಾಲ್ಕು ತಾಲ್ಲೂಕುಗಳ ಔಷಧಾಲಯದವರು ದಾಸ್ತಾನಿನ ಲೆಕ್ಕವನ್ನು ಎದುರುಬದುರು ಇಟ್ಟುಕೊಂಡು ಕುಳಿತರೆ ಸಾಕು. ಟೆಂಡರಿನ ಕರಾರಿನಲ್ಲಿ ಸುಂಕ ಏರಿದರೆ ಎಷ್ಟು, ಇಳಿದರೆ ಎಷ್ಟು ಎಂಬ ಕಲಮು ಸ್ಪಷ್ಟವಾಗಿರಬೇಕು. ಸುಂಕ ಇಳಿಯುವುದೂ ಉಂಟು! 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಶೇ. 12 ಅಥವಾ 18 ಇದ್ದ ಅನೇಕ ಉಪಕರಣಗಳಿಗೂ ಶೇ. 5 ಆಯಿತು. ಏರಿದಾಗ ಸರಕು ನಿಲ್ಲಿಸುವವರು ಇಳಿದಾಗ ಎಷ್ಟು ಹಣ ಬಿಟ್ಟುಕೊಟ್ಟರೆಂದು ಕೇಳುವವರು ಯಾರು?

ಇನ್ನೊಂದು. ಇಂದು ಯಾವ ಔಷಧಿ ಎಷ್ಟಿದೆ, ಯಾವುದು ಮುಗಿದಿದೆ, ಇಂಡೆಂಟ್ ಯಾವ ದಿನ ಹೋಗಿದೆ ಎಂದು ಆಸ್ಪತ್ರೆಯ ಬಾಗಿಲಲ್ಲಿ ಹಲಗೆಯ ಮೇಲೆ ಬರೆಯಲಿ. ಶಾಲೆಯಲ್ಲಿ ಹಾಜರಿ ಬರೆಯುತ್ತಿದ್ದೆವಲ್ಲ, ಹಾಗೆ.

ಈ ಮಾತನ್ನು ಆ ಶಿಷ್ಯನಿಗೆ ಹೇಳಿದೆ. ಅವನು ನಕ್ಕು, "ಹಲಗಿ ಹಾಕಿದ್ರ ಜನ ಜಗಳಕ್ಕ ಬರತಾರ್ರೀ ಸರ್" ಎಂದ.

ಬರಲಿ ಬಿಡು ಎಂದೆ.