ಟ್ಯಾಂಕಿನ ಗಾಲಿಗೆ ಎರೆಮಣ್ಣು

ಸೆಪ್ಟೆಂಬರ್ 17 ಬಂತೆಂದರೆ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಧ್ವಜ ಏರುತ್ತದೆ, ಭಾಷಣವಾಗುತ್ತದೆ, ಮಕ್ಕಳ ಕೈಗೆ ಸಿಹಿ ಬೀಳುತ್ತದೆ. ನಿಜಾಮನ ಆಳ್ವಿಕೆ ಮುಗಿದ ಕಥೆಯನ್ನು ಹೇಳುವವರು ಸರ್ದಾರ್ ಪಟೇಲರ ಹೆಸರು ಹೇಳುತ್ತಾರೆ, ನಿಜಾಮನ ಪರ ನಿಂತಿದ್ದ ರಜಾಕಾರರ ಹೆಸರು ಹೇಳುತ್ತಾರೆ. ಸೈನ್ಯ ಹೇಗೆ ಬಂತು, ಏನೇರಿ ಬಂತು ಎಂಬುದು ಅಲ್ಲಿ ಬರುವುದೇ ಇಲ್ಲ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೈದರಾಬಾದ್ ಸಂಸ್ಥಾನದ ಗಡಿ ದಾಟಿದ ಮುಖ್ಯ ದಳ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ 1ನೇ ಆರ್ಮರ್ಡ್ ಡಿವಿಜನ್, ಅಂದರೆ ಟ್ಯಾಂಕುಗಳ ಸೈನ್ಯ. ಮೊದಲ ದಿನವೇ ನಳದುರ್ಗ ಕೈವಶವಾಯಿತು. 17ರ ಸಂಜೆ ನಿಜಾಮ ಕದನ ನಿಲ್ಲಿಸಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಶರಣಾದ.

ಆ ಹಾದಿ ಇದೇ ಜಿಲ್ಲೆಯ ಪಾಮನಕಲ್ಲೂರು ಎಂಬ ಊರಿನಿಂದ ಬಲು ದೂರ, ಉತ್ತರಕ್ಕೆ. ಆದರೆ ಅದರ ಫಲ ಉಂಡ ಊರುಗಳಲ್ಲಿ ಪಾಮನಕಲ್ಲೂರೂ ಒಂದು. ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯೆಲ್ಲ ಆಗ ನಿಜಾಮನ ರಾಯಚೂರು ಜಿಲ್ಲೆಯಲ್ಲೇ ಇತ್ತು. ಇಂಥ ಊರಿನ ಪ್ರೌಢಶಾಲೆಯಲ್ಲಿ ಮಕ್ಕಳು ಆ ಕಾಲದ ಟ್ಯಾಂಕೊಂದನ್ನು 35ರಲ್ಲಿ ಒಂದರ ಅಳತೆಗೆ ಕೈಯಾರೆ ಕಟ್ಟಿ, ಬಣ್ಣ ಬಳಿದು, ಮುಂದಿನ ಸೆಪ್ಟೆಂಬರ್ 17ಕ್ಕೆ ಮೇಜಿನ ಮೇಲೆ ನಿಲ್ಲಿಸಲಿ ಎಂಬುದು ಈ ಲೇಖನದ ವಾದ. ಮಾದರಿ ಕಟ್ಟುವುದನ್ನು ಆಟಿಕೆಯ ಸಾಲಿಗೆ ಸೇರಿಸಿ ಕೈತೊಳೆದುಕೊಂಡಿದ್ದು ಸಾಕು.

ಯಾವ ಟ್ಯಾಂಕು? ಆಗ ಭಾರತೀಯ ಸೇನೆಯ ಬಳಿ ಇದ್ದವುಗಳಲ್ಲಿ ಮುಖ್ಯವಾದವು ಎರಡು: ಅಮೆರಿಕದಲ್ಲಿ ತಯಾರಾದ ಶೆರ್ಮನ್ ಮತ್ತು ಅದಕ್ಕಿಂತ ಹಗುರವಾದ ಸ್ಟುವರ್ಟ್. ಸ್ಟುವರ್ಟ್ ಸುಮಾರು 15 ಟನ್ ತೂಕದ್ದು, 37 ಮಿ.ಮೀ. ಫಿರಂಗಿಯದ್ದು, ಒಳಗೆ ನಾಲ್ವರು. ಕನ್ನಡದ ಮಕ್ಕಳಿಗೆ ಸ್ಟುವರ್ಟೇ ಸರಿ. ಅದಕ್ಕೆ ಕಾರಣವಿದೆ.

ಅದೇ ವರ್ಷ ಕಾಶ್ಮೀರದಲ್ಲಿ ಲೇಹ್‌ಗೆ ಹೋಗುವ ದಾರಿಯ ಜೋಜಿ ಲಾ ಕಣಿವೆಯನ್ನು ಶತ್ರುಗಳು ಹಿಡಿದು ಕೂತಿದ್ದರು. ಅಲ್ಲಿ ದಳ ನಡೆಸುತ್ತಿದ್ದವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಕಾಲಾಳುಗಳ ದಾಳಿ ಫಲಿಸದಾಗ 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳನ್ನು 11,000 ಅಡಿಗೂ ಮೇಲಿನ ಆ ಕಣಿವೆಗೆ ಏರಿಸುವುದೆಂದು ನಿಶ್ಚಯವಾಯಿತು. ಸುದ್ದಿ ಹೊರಬೀಳಬಾರದು. ಅದಕ್ಕೆ ಟ್ಯಾಂಕಿನ ಮೇಲೆ ಸುತ್ತ ತಿರುಗುವ ಫಿರಂಗಿಯ ಟರೆಟ್ಟನ್ನೇ ಬಿಚ್ಚಿ, ಒಡಲಿಗೆ ಹೊದಿಕೆ ಹೊದಿಸಿ, ಬೇರೆ ಬೇರೆಯಾಗಿ ಶ್ರೀನಗರಕ್ಕೆ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಓಡಾಡುತ್ತಿದ್ದ ಕಿರುದಾರಿಯನ್ನು ಟ್ಯಾಂಕು ಹಾಯುವಷ್ಟು ಅಗಲ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್. ಅವರ ನೆಲೆ ಬೆಂಗಳೂರಿನ ಹಲಸೂರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಎದುರು ನಿಂತಾಗ ಶತ್ರುಗಳಿಗೆ ಅದು ಎಣಿಸದ ನೋಟ. ತಿಮ್ಮಯ್ಯನವರೂ ಟ್ಯಾಂಕೊಂದರಲ್ಲಿ ಮುಂದೆಯೇ ಇದ್ದರು.

ಮಾದರಿ ಕಟ್ಟುವವರ ಕೆಲಸ ಶುರುವಾಗುವುದೇ ಇಂಥ ವಿವರದಿಂದ. ಅಂಗಡಿಯ ಡಬ್ಬಿಯಲ್ಲಿ ಟರೆಟ್ ಇದ್ದೇ ಇರುತ್ತದೆ. ಶ್ರೀನಗರದ ದಾರಿಯಲ್ಲಿರುವ ಟ್ಯಾಂಕು ಬೇಕೆಂದರೆ ಅದನ್ನು ಪಕ್ಕಕ್ಕಿಡಬೇಕು, ಒಡಲಿನ ಮೇಲಿನ ದುಂಡು ತೆರಪಿಗೆ ಹೊದಿಕೆ ಮಾಡಬೇಕು. ತೆಳು ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ಹಾಸಿದರೆ ಒಣಗಿದ ಮೇಲೆ ಥೇಟ್ ತಾಡಪಾಲು. ಏನಿತ್ತು, ಏನಿರಲಿಲ್ಲ ಎಂದು ಓದಿ ತಿಳಿಯದೆ ಇಲ್ಲಿ ಒಂದು ಚೂರನ್ನೂ ಅಂಟಿಸಲಾಗದು. ಇತಿಹಾಸದ ಪಾಠವನ್ನು ಇಷ್ಟು ಎಚ್ಚರದಿಂದ ಓದಿಸುವ ಪರೀಕ್ಷೆ ನಮ್ಮಲ್ಲಿ ಬೇರೊಂದಿಲ್ಲ.

35ರಲ್ಲಿ ಒಂದು ಎಂಬ ವಿಚಿತ್ರ ಅಳತೆ ಎಲ್ಲಿಂದ ಬಂತು? 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿ ಮಾಡಿತು. ಅದು ಮೋಟಾರಿನಿಂದ ಓಡಬೇಕಿತ್ತು. ಬ್ಯಾಟರಿ ಹಿಡಿಸುವಷ್ಟು ಒಡಲು ಮಾಡಿದ ಮೇಲೆ ಲೆಕ್ಕ ಹಾಕಿದರೆ ಅಳತೆ ಹೆಚ್ಚುಕಡಿಮೆ 35ರಲ್ಲಿ ಒಂದಾಗಿತ್ತು. ಅದೇ ಇಂದು ಜಗತ್ತಿನ ಟ್ಯಾಂಕು ಮಾದರಿಗಳ ರೂಢಿ. ಸುಮಾರು 4.8 ಮೀಟರ್ ಉದ್ದದ ಸ್ಟುವರ್ಟ್ ಈ ಅಳತೆಯಲ್ಲಿ 14 ಸೆಂ.ಮೀ.ಗೆ ಇಳಿಯುತ್ತದೆ. ತೂಕದ ಲೆಕ್ಕ ಇನ್ನೂ ಸೊಗಸು. ಉದ್ದ, ಅಗಲ, ಎತ್ತರ ಮೂರೂ 35 ಪಾಲು ಕುಗ್ಗುವುದರಿಂದ ಗಾತ್ರ 42,875 ಪಾಲು ಕುಗ್ಗುತ್ತದೆ. ಮೂಲದ ಉಕ್ಕಿನಲ್ಲೇ, ಮೂಲದ ಹಾಗೆಯೇ ಮಾಡಿದರೂ 15 ಟನ್ನಿನ ಟ್ಯಾಂಕು ಅಂಗೈ ಮೇಲೆ ಬರೀ 350 ಗ್ರಾಂ ತೂಗುತ್ತದೆ. ಅನುಪಾತ, ಘನಫಲ ಎಂದರೆ ಮುಖ ಸಿಂಡರಿಸುವ ಎಂಟನೇ ತರಗತಿಯವರಿಗೆ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಹಾಕಿ ತೋರಿಸಿದರೆ ನಂಬಿಕೆ ಬರುವುದು ಕಷ್ಟ. ಕೈಯಲ್ಲಿ ಹಿಡಿದರೆ ಬರುತ್ತದೆ.

ಅಂಟಿಸುವುದು ತಾಳ್ಮೆಯ ಕೆಲಸ, ಅಷ್ಟೇ. ಚೌಕಟ್ಟಿನಿಂದ ಬಿಡಿಭಾಗ ಕತ್ತರಿಸು, ಉಜ್ಜು ಕಾಗದದಿಂದ ನಯಮಾಡು, ಪ್ಲಾಸ್ಟಿಕ್ಕನ್ನು ತುಸು ಕರಗಿಸಿ ಬೆಸೆಯುವ ಅಂಟು ಹಚ್ಚು, ಕಾಯಿ. ನಿಜವಾದ ವಿದ್ಯೆ ಇರುವುದು ಬಣ್ಣದಲ್ಲಿ. ಅಮೆರಿಕದ ಕಾರ್ಖಾನೆಗಳು ಬಳಿದು ಕಳಿಸುತ್ತಿದ್ದ ಆಲಿವ್ ಹಸಿರನ್ನು ಹಾಗೆಯೇ ಹಚ್ಚಿದರೆ ಮಾದರಿ ಕಪ್ಪಾಗಿ, ಮಂಕಾಗಿ ಕಾಣುತ್ತದೆ. ಒಂದಡಿ ದೂರದಿಂದ ಮಾದರಿ ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಹತ್ತು ಮೀಟರಿನಾಚೆಯಿಂದ ನೋಡಿದಂತೆ. ದೂರ ಹೆಚ್ಚಿದಷ್ಟೂ ಬಣ್ಣ ತೆಳುವಾಗುತ್ತದೆ, ಆದ್ದರಿಂದ ಹಸಿರಿಗೆ ತುಸು ಬಿಳಿ ಬೆರೆಸಬೇಕು. ಆಮೇಲೆ ನೀರಿನಂತೆ ತೆಳುವಾದ ಕಂದು ಬಣ್ಣವನ್ನು ಸಂದುಗೊಂದುಗಳಿಗೆ ಹರಿಸಬೇಕು, ನೆರಳು ಮೂಡುತ್ತದೆ. ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಒಣ ಲೇಪವನ್ನು ಅಂಚುಗಳ ಮೇಲೆ ಸವರಬೇಕು, ಬೆಳಕು ಮೂಡುತ್ತದೆ.

ಕೊನೆಗೆ ರಾಡಿ. ಇಲ್ಲಿ ಪಾಮನಕಲ್ಲೂರಿನ ಹುಡುಗ ಟೋಕಿಯೊದ ಹುಡುಗನನ್ನು ಹಿಂದೆ ಹಾಕಬಲ್ಲ. ಮಾದರಿಗೆ ಮೆತ್ತಲು ಸಿಗುವ ಮಣ್ಣಿನ ಪುಡಿಗಳು ಹೆಚ್ಚಾಗಿ ಯುರೋಪಿನ, ರಷ್ಯಾದ, ಮರುಭೂಮಿಯ ಬಣ್ಣದವು. 1948ರ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ಸೀಮೆಯಿಂದ ಹೊರಟ ಟ್ಯಾಂಕು ತುಳಿದಿದ್ದು ಮಳೆಗಾಲದ ಎರೆಹೊಲ. ಆ ಮಣ್ಣು ಹಸಿಯಿದ್ದಾಗ ಗಾಲಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ, ಒಣಗಿದರೆ ಬೂದಿ ಬಣ್ಣಕ್ಕೆ ತಿರುಗಿ ಹೆಂಟೆಹೆಂಟೆಯಾಗಿ ಉದುರುತ್ತದೆ. ಸಿಂಧನೂರು–ಮಸ್ಕಿ ಸೀಮೆಯಲ್ಲಿ ಟ್ರ್ಯಾಕ್ಟರ್ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಲದ ಹಿಡಿಮಣ್ಣನ್ನು ವಸ್ತ್ರಗಾಳಿಸಿ ಅಂಟಿನಲ್ಲಿ ಕಲಸಿದರೆ ಯಾವ ಕಂಪನಿಯೂ ಮಾರದ ಬಣ್ಣ ಸಿದ್ಧ.

ಕೈಕೌಶಲವೂ ಈ ಸೀಮೆಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಇದೇ ಎರೆಮಣ್ಣಿನಲ್ಲಿ ಎತ್ತು ಮಾಡುವ ಮಕ್ಕಳು ಇಣಿ ಎಷ್ಟು ಎತ್ತರ, ಕೋಡು ಎತ್ತ ಬಾಗಬೇಕು, ಗ್ವಾದಲಿ ಎಷ್ಟು ಉದ್ದ ಎಂದು ಕಣ್ಣಳತೆಯಲ್ಲೇ ತೂಗುತ್ತಾರೆ. ಕೋಡು ತಪ್ಪಿದರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ಬೊಂಬೆಗೆ ಹೆಸರಾದ ಕಿನ್ನಾಳ ಈಗ ಕೊಪ್ಪಳ ಜಿಲ್ಲೆಯಲ್ಲಿದೆ. 1997ರಲ್ಲಿ ಕೊಪ್ಪಳ ಬೇರೆಯಾಗುವ ತನಕ ಅದೂ ರಾಯಚೂರು ಜಿಲ್ಲೆಯೇ. ಅಲ್ಲಿನ ಚಿತ್ರಗಾರರು ಹಗುರ ಮರ ಕೊರೆದು, ಹುಣಸೆ ಬೀಜದ ಅಂಟಿನಲ್ಲಿ ಹೊಟ್ಟು ಕಲಸಿ ತಗ್ಗು ತುಂಬಿ, ನುಣ್ಣನೆಯ ಲೇಪ ಕೊಟ್ಟ ಮೇಲಷ್ಟೇ ಬಣ್ಣ ಮುಟ್ಟುತ್ತಾರೆ. ಮಾದರಿಕಾರರು ಪುಟ್ಟಿ, ಪ್ರೈಮರ್ ಎಂದು ದುಡ್ಡು ಕೊಟ್ಟು ತರುವುದನ್ನು ಕಿನ್ನಾಳ ಹುಣಸೆ ಬೀಜದಲ್ಲಿ ತಲೆಮಾರುಗಳಿಂದ ಮಾಡುತ್ತಿದೆ.

ಇನ್ನೂ ಹಳೆಯ ಸಾಕ್ಷಿ ರಾಯಚೂರು ಕೋಟೆಯ ಗೋಡೆಯಲ್ಲಿದೆ. ಕಾಕತೀಯರ ಕಾಲದ, 1294ರ ಶಾಸನವಿರುವ ಕಲ್ಲು 41 ಅಡಿಗೂ ಉದ್ದದ್ದು. ಅಂಥ ಬಂಡೆಯನ್ನು ಕೋಣಗಳ ಸಾಲು ಹೂಡಿದ ಬಂಡಿಯಲ್ಲಿ ಎಳೆದು ತಂದ ಬಗೆಯನ್ನು ಗೋಡೆಯ ಮೇಲೇ ಗೆರೆಗೆರೆಯಾಗಿ ಕೊರೆದಿಟ್ಟಿದ್ದಾರೆ. ಅರಸನ ಬಿರುದು ಕೊರೆದ ಕಲ್ಲುಗಳು ನಾಡಿನಲ್ಲಿ ಬೇಕಾದಷ್ಟಿವೆ. ಕೆಲಸ ಹೇಗೆ ನಡೆಯಿತೆಂದು ಚಿಕ್ಕದಾಗಿ ಬರೆದು ತೋರಿಸಿದ ಇಂಥ ಕಲ್ಲು ಅಪರೂಪ. ಕಲ್ಯಾಣ ಕರ್ನಾಟಕದ ಯಾವ ವಿಜ್ಞಾನ ವಸ್ತುಪ್ರದರ್ಶನವೂ ಇದರ ಮುಂದೆ ಸಪ್ಪೆ.

ವಸ್ತುಪ್ರದರ್ಶನದ ಮಾತು ಬಂದಿದ್ದರಿಂದ ಹೇಳಲೇಬೇಕು. ಶಾಲೆಯ ‘ಪ್ರಾಜೆಕ್ಟ್’ ಇಂದು ಪೇಟೆಯ ಅಂಗಡಿಯಲ್ಲಿ ಕೊಳ್ಳುವ ಥರ್ಮೊಕೋಲ್ ಜ್ವಾಲಾಮುಖಿ. ಅದಕ್ಕೆ ಅಳತೆ ಇಲ್ಲ, ಮಗುವಿನ ಕೈಯ ಗುರುತೂ ಇಲ್ಲ, ಅಂಕ ಮಾತ್ರ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ಶತ್ರು ವಿಮಾನಗಳನ್ನು ಗುರುತಿಸುವ ತರಬೇತಿಗೆಂದು 5 ಲಕ್ಷ ಮರದ ಮಾದರಿಗಳನ್ನು ಕೇಳಿದ್ದು ಪ್ರೌಢಶಾಲೆಗಳ ಮಕ್ಕಳನ್ನು. ಅಳತೆ 72ರಲ್ಲಿ ಒಂದು. ನಕ್ಷೆಗೆ ಹೊಂದದಿದ್ದರೆ ತಿರಸ್ಕಾರ. ಯುದ್ಧದ ತುರ್ತಿನಲ್ಲಿದ್ದ ಸೈನ್ಯ ಹದಿಹರೆಯದವರ ಕೈಯನ್ನು ನಂಬಿತು. ನಮ್ಮ ಇಲಾಖೆಗಳಿಗೆ ಆ ನಂಬಿಕೆ ಇಲ್ಲ. ತೆರಿಗೆಯಲ್ಲಿಯೂ ಅದೇ ಧೋರಣೆ: ಅಳತೆಯ ಮಾದರಿಗೂ ಕೂಸಿನ ಗಿಲಕಿಗೂ ಸುಂಕದ ಪಟ್ಟಿಯಲ್ಲಿ ಒಂದೇ ಶೀರ್ಷಿಕೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ದೇಶೀ ಆಟಿಕೆ ಕಸುಬಿಗೆ ಅದರಿಂದ ನೆರವಾಗಿರಬಹುದು. ಟ್ಯಾಂಕಿನ ಕಿಟ್ ಅಂತೂ ಹಳ್ಳಿಯ ಕೈಗೆ ಎಟುಕದ್ದಾಯಿತು. ಹೋಗಲಿ. ನಕ್ಷೆಯೊಂದು ಸಿಕ್ಕರೆ ಒಡಲನ್ನು ರಟ್ಟಿನಲ್ಲೇ ಕತ್ತರಿಸಬಹುದು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 3ಡಿ ಪ್ರಿಂಟರ್ ಗಾಲಿಗಳನ್ನು ಮಾಡಿಕೊಡಬಲ್ಲದು.

ಮಕ್ಕಳ ಕೈಗೆ ಟ್ಯಾಂಕು ಕೊಡುವುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ. 1948ರ ಕಥೆ ಶರಣಾಗತಿಯೊಂದಿಗೆ ಮುಗಿಯಲಿಲ್ಲ. ರಜಾಕಾರರ ಹಿಂಸೆಯ ಹಿಂದೆಯೇ ಸಂಸ್ಥಾನದ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಗಳನ್ನು ಸುಂದರಲಾಲ್ ಸಮಿತಿ ದಾಖಲಿಸಿತು, ಆ ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ. ಟ್ಯಾಂಕನ್ನು ಥಳಥಳ ಹೊಳೆಯಿಸಿ ನಿಲ್ಲಿಸಿದರೆ ಅದು ಬರೀ ಜೈಕಾರ. ಆದರೆ ಪಳಗಿದ ಮಾದರಿಕಾರರು ಹೊಳಪನ್ನು ಉಳಿಯಗೊಡುವುದಿಲ್ಲ. ತುಕ್ಕು, ಸೋರಿದ ಎಣ್ಣೆ, ಕಿತ್ತ ಬಣ್ಣ, ಬೇರೆ ಗಾಡಿಯಿಂದ ತಂದು ಜೋಡಿಸಿದ ಗಾಲಿ ಎಲ್ಲವನ್ನೂ ತೋರಿಸುತ್ತಾರೆ. ಮಾದರಿಯ ಪಕ್ಕದ ಹಲಗೆಯಲ್ಲಿ ಆ ಎರಡೂ ಹಿಂಸೆಗಳ ವಿವರ ಬರೆಯಲು ಜಾಗವಿದೆ. ಬರೆಯುವ ಧೈರ್ಯ ದೊಡ್ಡವರಿಗೆ ಬೇಕು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಿಕ್ಷಣಕ್ಕೆ ಹಣ ಕೊಡುತ್ತಿದೆ. ಅದರಲ್ಲಿ ಹೋಬಳಿಗೊಂದು ಮಾದರಿ ಕೋಣೆ, ಕಿನ್ನಾಳದ ಕಲಾವಿದರಿಗೆ ಗೌರವಧನ, ರಟ್ಟು–ಬಣ್ಣದ ಖರ್ಚು, ಇಷ್ಟು ದೊಡ್ಡ ಬಾಬತ್ತಲ್ಲ. ಟ್ಯಾಂಕು ಮುಗಿದ ಮೇಲೆ ಅದೇ ಕೋಣೆಯಲ್ಲಿ ಇನ್ನೊಂದು ಕೆಲಸ ಕಾದಿದೆ: ಊರಿನ ನೆಲದ್ದೇ ಮಾದರಿ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020–21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದು ಪಾಮನಕಲ್ಲೂರಿನಲ್ಲೇ. ಹರಿಯುವ ನೀರು ಹೇಗೆ ಸಾಗುತ್ತದೆ ಎಂಬುದನ್ನು ಎಂಜಿನಿಯರರು ಮಾದರಿಯಲ್ಲಿ ಪರೀಕ್ಷಿಸುತ್ತಾರೆ. ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ ಮುಖ್ಯ ಕೆಲಸಗಳಲ್ಲಿ ಅದೂ ಒಂದು. ಸಮೋನ್ನತಿ ರೇಖೆಗಳ ಭೂಪಟ ಹಾಸಿ, ಒಂದೊಂದು ಗೆರೆಗೂ ಒಂದೊಂದು ರಟ್ಟು ಕತ್ತರಿಸಿ ಪೇರಿಸಿದರೆ ಊರಿನ ಏರುತಗ್ಗು ಮೇಜಿನ ಮೇಲೆ ಬರುತ್ತದೆ. ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಬೇಕಾಗುತ್ತದೆ, ಇಲ್ಲದಿದ್ದರೆ ಈ ಬಯಲುಸೀಮೆಯಲ್ಲಿ ಇಳಿಜಾರೇ ಕಾಣದು. ಅದರ ಮೇಲೆ ಒಂದು ಲೋಟ ನೀರು ಸುರಿದು ಯಾವ ಕಡೆ ಹೋಗುತ್ತದೆಂದು ಹತ್ತನೇ ತರಗತಿಯವರೇ ನೋಡಿ ಹೇಳಲಿ.