ಸೈಕಲ್ಲಿನ ಸೀಟು: ಮೆತ್ತಗಿದ್ದರೆ ಸಾಲದು, ಮೈಗೆ ಒಪ್ಪಬೇಕು

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ನಸುಕಿನಲ್ಲಿ ಪಯಣಿಸಿದವರಿಗೆ ಬಾಗಿ ಕುಳಿತು ಒಬ್ಬರ ಹಿಂದೊಬ್ಬರು ಸೈಕಲ್ ತುಳಿಯುತ್ತ ಸಾಗುವ ಹುಡುಗ ಹುಡುಗಿಯರ ಸಾಲು ಹೊಸ ನೋಟವೇನಲ್ಲ. ಆ ಭಾಗದ ಊರುಗಳಲ್ಲಿ ಜಾತ್ರೆಯ ಅಂಗವಾಗಿ ಸೈಕಲ್ ಶರ್ಯತ್ತು ನಡೆಯುವುದೂ ಉಂಟು. ಈಚಿನ ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಉದ್ಯೋಗದಲ್ಲಿರುವವರೂ ನಡುವಯಸ್ಸಿನ ಗೃಹಸ್ಥರೂ ಆರೋಗ್ಯದ ಕಾಳಜಿಯಿಂದ ಇಂತಹ ಓಟದ ಸೈಕಲ್ಲುಗಳನ್ನು ಕೊಳ್ಳುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಹೀಗೆ ಉತ್ಸಾಹದಿಂದ ಆರಂಭಿಸಿದ ಎಷ್ಟೋ ಜನರು ಕೆಲವೇ ತಿಂಗಳಲ್ಲಿ ಸೈಕಲ್ಲನ್ನು ಮೂಲೆಗೆ ಒರಗಿಸಿಬಿಡುವುದನ್ನೂ ನಾವು ಕಾಣುತ್ತೇವೆ. ವಿಚಾರಿಸಿದರೆ ಸಮಯವಿಲ್ಲವೆಂಬ ಉತ್ತರ ಬರುತ್ತದೆ. ನಿಜವಾದ ಕಾರಣ ಬಹಳಷ್ಟು ಸಲ ಸೀಟಿನ ನೋವು. ಅದನ್ನು ಹೇಳಿಕೊಳ್ಳಲು ಸಂಕೋಚ. ಆದುದರಿಂದ ಈ ತಿಂಗಳು ಸೈಕಲ್ಲಿನ ಸೀಟಿನ ವಿಷಯವನ್ನೇ ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ಎರಡು ಬಗೆಯ ನೋವು

ಸೈಕಲ್ ಕೊಳ್ಳುವಾಗ ನಾವು ಚೌಕಟ್ಟು, ಗೇರು, ಗಾಲಿ, ಬ್ರೇಕುಗಳನ್ನು ಹತ್ತು ಸಲ ನೋಡುತ್ತೇವೆ. ಸೀಟು ಮಾತ್ರ ಸೈಕಲ್ಲಿನ ಜೊತೆಗೆ ಬಂದುದೇ ಇರುತ್ತದೆ. ನೋವಾದಾಗ ಹಿರಿಯ ಸವಾರರು “ರೂಢಿಯಾದರೆ ಸರಿಹೋಗುತ್ತದೆ” ಎಂದು ಸಮಾಧಾನ ಹೇಳುತ್ತಾರೆ. ಈ ಮಾತು ಅರ್ಧ ಸತ್ಯ. ಕುಳಿತಾಗ ನಮ್ಮ ಭಾರವನ್ನು ಹೊರುವುದಕ್ಕೆಂದೇ ಸೊಂಟದ ಎಲುಬಿನ ಕೆಳತುದಿಯಲ್ಲಿ ಎರಡು ಗುಬುಟುಗಳಿವೆ. ಹೊಸದಾಗಿ ಸವಾರಿ ಮಾಡುವವರಿಗೆ ಮೊದಲ ಎರಡು ಮೂರು ವಾರ ಈ ಗುಬುಟುಗಳಿರುವ ಜಾಗದಲ್ಲಿ ನೋವಾಗುವುದು ಸಹಜ. ಅದು ದಿನಕಳೆದಂತೆ ತಾನಾಗಿ ಕಡಿಮೆಯಾಗುತ್ತದೆ.

ಎರಡನೆಯದು ಜೋಮು. ಎರಡು ತೊಡೆಗಳ ನಡುವಿನ ಮೃದುವಾದ ಭಾಗದಲ್ಲಿ ಸೂಕ್ಷ್ಮವಾದ ನರಗಳೂ ರಕ್ತನಾಳಗಳೂ ಹಾದುಹೋಗಿವೆ. ಸೀಟು ಆ ಜಾಗವನ್ನು ಒತ್ತಿದಾಗ ಅಲ್ಲಿ ಮರಗಟ್ಟಿದಂತಾಗುತ್ತದೆ. ಇದು ರೂಢಿಯಾಗಬೇಕಾದ ಸಂಗತಿಯಲ್ಲ. ಶರೀರವು ಕೊಡುವ ಎಚ್ಚರಿಕೆ. ಇದನ್ನು ಸಹಿಸಿಕೊಳ್ಳುವುದು ಶೌರ್ಯವೂ ಅಲ್ಲ, ತಪಸ್ಸೂ ಅಲ್ಲ.

ಈ ವಿಷಯವನ್ನು ವೈದ್ಯಲೋಕ ಗಂಭೀರವಾಗಿ ಪರಿಗಣಿಸಿ ಬಹಳ ಕಾಲವಾಗಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1866ರಲ್ಲಿ ಚರ್ಮದ ಕೆಲಸ ಆರಂಭಿಸಿದ ಬ್ರೂಕ್ಸ್ ಎಂಬಾತ 1882ರಲ್ಲಿಯೇ ಸೈಕಲ್ ಸೀಟಿಗೆ ಪೇಟೆಂಟು ಪಡೆದಿದ್ದ. ಆದರೆ ಅಮೆರಿಕದ ಬಾಸ್ಟನ್ನಿನ ಡಾ. ಇರ್ವಿನ್ ಗೋಲ್ಡ್‌ಸ್ಟೈನ್ ಎಂಬ ಮೂತ್ರರೋಗ ತಜ್ಞರು ಸೀಟಿನ ಒತ್ತಡದಿಂದ ಪುರುಷರಿಗೆ ತೊಂದರೆಯಾಗಬಹುದೆಂದು ಬಹಿರಂಗವಾಗಿ ಎಚ್ಚರಿಸಿದ್ದು 1997ರಲ್ಲಿ. ಅಲ್ಲಿಂದ ಮುಂದೆ ನಡುವೆ ಸೀಳು ಅಥವಾ ತಗ್ಗು ಇರುವ ಸೀಟುಗಳು ಹೆಚ್ಚಾಗಿ ಬಳಕೆಗೆ ಬಂದವು. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ 90 ಪೊಲೀಸರಿಗೆ ಮೂತಿಯಿಲ್ಲದ ಸೀಟನ್ನು ಆರು ತಿಂಗಳು ಬಳಸಲು ಕೊಟ್ಟು ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಜೋಮಿನ ತೊಂದರೆ ಬಹುಮಟ್ಟಿಗೆ ಇಳಿದಿತ್ತು. ಸೈಕಲ್ ತುಳಿಯುವುದೇ ಅಪಾಯವೆಂದು ಇದರಿಂದ ಭಾವಿಸಬೇಕಾಗಿಲ್ಲ. ಸೀಟು ಬದಲಾದರೆ ತೊಂದರೆಯೂ ತೊಲಗಬಲ್ಲದೆಂಬುದೇ ಇದರ ಸಾರ.

ಮೆತ್ತನೆಯ ಸೀಟಿನ ಭ್ರಮೆ

ನೋವಾದೊಡನೆ ಎಲ್ಲರಿಗೂ ಹೊಳೆಯುವ ಉಪಾಯ ಮೆತ್ತನೆಯ ಅಗಲವಾದ ಸೀಟು, ಇಲ್ಲವೇ ಸೀಟಿನ ಮೇಲೊಂದು ಜೆಲ್ ಕವರು. ಸಣ್ಣ ದೂರಕ್ಕೆ ಇದು ಹಿತವಾಗಿಯೇ ತೋರುತ್ತದೆ. ಗಂಟೆಗಟ್ಟಲೆ ತುಳಿದಾಗ ಎಲುಬುಗಳು ಮೆತ್ತೆಯೊಳಗೆ ಇಳಿಯುತ್ತವೆ. ಆಗ ನಡುವಿನ ಮೆತ್ತೆ ಮೇಲಕ್ಕೆ ಉಬ್ಬಿ, ಎಲ್ಲಿ ಒತ್ತಬಾರದೋ ಅಲ್ಲಿಯೇ ಒತ್ತುತ್ತದೆ. ಸಾಕಷ್ಟು ಗಡುಸಾದ ಸೀಟಿನಲ್ಲಿ ಭಾರವು ಎಲುಬಿನ ಮೇಲೆಯೇ ನಿಲ್ಲುವುದರಿಂದ ದೂರದ ಸವಾರಿಗೆ ಅದೇ ಸುಖಕರ.

ನಮ್ಮ ಹಿರಿಯರು ತುಳಿದ ಕರಿಯ ಸೈಕಲ್ಲಿಗೆ ಸ್ಪ್ರಿಂಗಿನ ಅಗಲ ಸೀಟು ಇತ್ತಲ್ಲವೆಂದು ಕೇಳಬಹುದು. ಆ ಸೈಕಲ್ಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಭಾರವೆಲ್ಲ ಹಿಂದೆ ಬೀಳುತ್ತಿತ್ತು. ಓಟದ ಸೈಕಲ್ಲಿನಲ್ಲಿ ಹ್ಯಾಂಡಲ್ ತಗ್ಗಿನಲ್ಲಿದ್ದು ಸವಾರ ಮುಂದಕ್ಕೆ ಬಾಗುತ್ತಾನೆ. ಭಾರವನ್ನು ಕೈಕಾಲುಗಳೂ ಹಂಚಿಕೊಳ್ಳುತ್ತವೆ, ತೊಡೆಗಳು ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ಮೇಲೆ ಕೆಳಗೆ ಆಡುತ್ತವೆ. ಅಲ್ಲಿ ಅಗಲ ಸೀಟು ಹಾಕಿದರೆ ತೊಡೆ ಉಜ್ಜಿ ಹುಣ್ಣಾಗುವುದು ಖಂಡಿತ.

ಮನೆಯಲ್ಲಿಯೇ ಅಳತೆ

ಸೀಟಿನ ಅಗಲವನ್ನು ದೇಹದ ಗಾತ್ರ ನೋಡಿ ನಿರ್ಧರಿಸಲಾಗದು. ದಪ್ಪನೆಯವರಲ್ಲಿ ಎಲುಬುಗಳ ಅಂತರ ಕಡಿಮೆಯಿರಬಹುದು, ತೆಳ್ಳಗಿನವರಲ್ಲಿ ಹೆಚ್ಚಿರಬಹುದು. ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ ಈ ಅಂತರ ತುಸು ಹೆಚ್ಚು. ಇದನ್ನು ತಿಳಿಯಲು ದುಡ್ಡು ಬೇಕಿಲ್ಲ. ಸಾಮಾನು ತುಂಬಿ ಬರುವ ಸುಕ್ಕುರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿಯಾದ ಸ್ಟೂಲಿನ ಮೇಲಿಟ್ಟು, ತೆಳು ಬಟ್ಟೆ ಧರಿಸಿ ಕುಳಿತು, ಸ್ವಲ್ಪ ಮುಂದೆ ಬಾಗಿ, ಹಿಮ್ಮಡಿಗಳನ್ನು ಎತ್ತಿ ಅರ್ಧ ನಿಮಿಷ ಇರಬೇಕು. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ತಗ್ಗುಗಳು ಮೂಡಿರುತ್ತವೆ. ಮೂಡದಿದ್ದರೆ ಮೇಲಿನಿಂದ ಸೀಮೆಸುಣ್ಣ ಸವರಿದಾಗ ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯಿರಿ.

ಈ ಅಳತೆಗೆ, ಬಹಳ ಬಾಗಿ ಕೂರುವವರು ಸುಮಾರು 1 ಸೆಂಟಿಮೀಟರನ್ನೂ, ಸಾಧಾರಣವಾಗಿ ಬಾಗುವವರು 2 ಸೆಂಟಿಮೀಟರನ್ನೂ, ನೆಟ್ಟಗೆ ಕೂರುವವರು 3 ಅಥವಾ 4 ಸೆಂಟಿಮೀಟರನ್ನೂ ಕೂಡಿಸಿಕೊಳ್ಳಬೇಕು. ಅಂತರ 11 ಸೆಂಟಿಮೀಟರಿದ್ದು ಸಾಧಾರಣವಾಗಿ ಬಾಗುವವರಿಗೆ 13 ಸೆಂಟಿಮೀಟರ್ ಅಗಲದ ಸೀಟು ಹತ್ತಿರದ ಅಳತೆ. ಅನಂತರ ಆಕಾರ. ಜೋಮು ಹಿಡಿಯುವವರು ನಡುವೆ ಸೀಳಿರುವುದನ್ನು ಅಥವಾ ಮೂತಿ ಮೊಟಕಾಗಿರುವುದನ್ನು ನೋಡಬಹುದು. ಕೆಲವರಿಗೆ ಸೀಳಿನ ಅಂಚೇ ಒತ್ತುವುದುಂಟು. ಅಂತಹವರಿಗೆ ನಡುವೆ ತಗ್ಗು ಮಾತ್ರ ಇರುವುದು ಲೇಸು. ಗೆಳೆಯನಿಗೆ ಒಪ್ಪಿದ ಸೀಟು ನಮಗೂ ಒಪ್ಪಬೇಕೆಂಬ ನಿಯಮವಿಲ್ಲ. ಹೆಚ್ಚಿನ ಬೆಲೆಯೆಂದರೆ ಹೆಚ್ಚಿನ ಸುಖವೆಂದೂ ಅಲ್ಲ. ದುಬಾರಿ ಸೀಟಿನ ಬೆಲೆ ಬಹುಪಾಲು ಅದರ ಹಗುರತನಕ್ಕೆ ಕೊಟ್ಟದ್ದಾಗಿರುತ್ತದೆ. ಕೆಲವು ದಿನ ಬಳಸಿ ಒಪ್ಪದಿದ್ದರೆ ಬದಲಿಸಿಕೊಡುವಿರಾ ಎಂದು ಅಂಗಡಿಯವರನ್ನು ಮೊದಲೇ ಕೇಳುವುದು ಒಳ್ಳೆಯದು.

ಕೊಳ್ಳುವ ಮೊದಲು ಹೊಂದಿಸಿ ನೋಡಿ

ಅನೇಕರಿಗೆ ಹೊಸ ಸೀಟೇ ಬೇಕಾಗುವುದಿಲ್ಲ. ಇರುವುದನ್ನು ಸರಿಯಾಗಿ ಹೊಂದಿಸಿದರೆ ಸಾಕು. ಮೊದಲು ಎತ್ತರ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಮೊಣಕಾಲು ನೆಟ್ಟಗಾಗಬೇಕು. ಅನಂತರ ಮುಂಗಾಲಿನಿಂದ ತುಳಿಯುವಾಗ ಮೊಣಕಾಲಿನಲ್ಲಿ ಅಲ್ಪ ಬಾಗು ಉಳಿಯುತ್ತದೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯನ್ನು 1986, 1989 ಮತ್ತು 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಪ್ರಚಾರಕ್ಕೆ ತಂದ ಲೆಕ್ಕವೂ ಒಂದಿದೆ. ಬರಿಗಾಲಿನಲ್ಲಿ ನಿಂತು ನೆಲದಿಂದ ತೊಡೆಸಂದಿಯವರೆಗಿನ ಎತ್ತರವನ್ನು 0.883ರಿಂದ ಗುಣಿಸಿದರೆ, ಪೆಡಲಿನ ತೋಳುಗಳು (ಕ್ರ್ಯಾಂಕ್) ಸುತ್ತುವ ಚೌಕಟ್ಟಿನ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಸಿಗುತ್ತದೆ. 80 ಸೆಂಟಿಮೀಟರಿಗೆ 70.6 ಸೆಂಟಿಮೀಟರ್. ಸೀಟು ಹೆಚ್ಚು ಎತ್ತರವಾದರೆ ಸೊಂಟ ಅತ್ತಿತ್ತ ತೂಗಿ ಚರ್ಮ ಉಜ್ಜುತ್ತದೆ; ತಗ್ಗಾದರೆ ಮೊಣಕಾಲು ನೋಯುತ್ತದೆ.

ಎರಡನೆಯದು ಓರೆ. ಗಾರೆ ಕೆಲಸದವರ ರಸಮಟ್ಟವನ್ನು ಸೀಟಿನ ಮೇಲಿಟ್ಟು ಸಮವಾಗಿದೆಯೇ ನೋಡಿ. ಮೂತಿ ಮೇಲೆದ್ದರೆ ಜೋಮು ಹೆಚ್ಚುತ್ತದೆ. ಬಹಳ ತಗ್ಗಿಸಿದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಮುಂಗೈಗೆ ಬೀಳುತ್ತದೆ. ಹ್ಯಾಂಡಲ್ ಬಹಳ ದೂರವಿದ್ದರೂ ಸವಾರ ಅರಿವಿಲ್ಲದೆ ಸೀಟಿನ ಮೂತಿಗೆ ಜಾರುತ್ತಾನೆ. ಆಗ ದೋಷ ಸೀಟಿನದಲ್ಲ. ಏನನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ, ಕೆಲವೇ ಮಿಲಿಮೀಟರಿನಷ್ಟು ಬದಲಿಸಿ, ಮೂರು ನಾಲ್ಕು ಸವಾರಿ ಮಾಡಿ ನೋಡತಕ್ಕದ್ದು. ಬೆಳೆಯುವ ಮಕ್ಕಳಿಗಂತೂ ಮೂರು ತಿಂಗಳಿಗೊಮ್ಮೆ ಎತ್ತರವನ್ನು ಪರೀಕ್ಷಿಸಬೇಕು.

ಮೆತ್ತೆ ಹೊಲಿದ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ನೇರವಾಗಿ ಧರಿಸಬೇಕು. ಒಳಉಡುಪಿನ ಹೊಲಿಗೆಯೇ ಹುಣ್ಣಿಗೆ ಮೂಲ. ಸವಾರಿ ಮುಗಿದೊಡನೆ ಅದನ್ನು ಕಳಚಿ ಸ್ನಾನ ಮಾಡಿ, ಒಗೆದು ಒಣಗಿಸಿದ್ದನ್ನೇ ಮತ್ತೆ ಧರಿಸಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಂತರೆ ರಕ್ತ ಸಂಚಾರ ಸರಾಗವಾಗುತ್ತದೆ.

ಮನೆಯವರಲ್ಲಿ ನಮ್ಮ ಬಿನ್ನಹ

ಇಷ್ಟೆಲ್ಲವನ್ನು ಬರೆದುದರ ಉದ್ದೇಶ ಇಲ್ಲಿದೆ. ಶಾಲೆಯ ತಂಡದಲ್ಲಿ, ಕ್ರೀಡಾ ವಸತಿನಿಲಯದಲ್ಲಿ ಅಭ್ಯಾಸ ಮಾಡುವ ಮಗುವಿಗೆ ನೋವಾಗುವ ಜಾಗ ಬಾಯಿಬಿಟ್ಟು ಹೇಳುವಂತಹುದಲ್ಲ. ಹುಡುಗ ನಕ್ಕಾರೆಂದು ಅಂಜುತ್ತಾನೆ. ಹುಡುಗಿಯು ಬಾವು, ಗಾಯಗಳನ್ನು ತಾಯಿಗೂ ಹೇಳದೆ ನುಂಗಿಕೊಂಡು, ಕೊನೆಗೆ ಆಸಕ್ತಿ ಹೋಯಿತೆಂದು ನೆಪ ಹೇಳಿ ಆಟವನ್ನೇ ಬಿಡುತ್ತಾಳೆ. ಒಂದು ಪ್ರತಿಭೆ ಹೀಗೆ ಒಂದು ಸೀಟಿನ ಕಾರಣದಿಂದ ಬಾಡಬಾರದು. ತಾಯಿಯಾಗಲಿ, ಅಜ್ಜಿಯಾಗಲಿ, ಅಕ್ಕನಾಗಲಿ ಕಾಲು ನೋವನ್ನು ವಿಚಾರಿಸಿದಷ್ಟೇ ಸಹಜವಾಗಿ “ಸೀಟು ಒತ್ತುತ್ತದೆಯೇನವ್ವಾ? ಜೋಮು ಹಿಡಿಯುತ್ತದೆಯೇ?” ಎಂದು ಕೇಳಬೇಕು. ಮಗನನ್ನು ತಂದೆ ಕೇಳಬೇಕು. ಮೊದಲು ಕೇಳುವ ಹೊಣೆ ಹಿರಿಯರದು. ಮಗು ತಾನಾಗಿ ಹೇಳಲೆಂದು ಕಾಯಬಾರದು.

ಸವಾರಿಯಿಂದ ಇಳಿದ ಮೇಲೂ ಜೋಮು ಬಹಳ ಹೊತ್ತು ಉಳಿದರೆ, ಮೂತ್ರಕ್ಕೆ ತೊಂದರೆಯಾದರೆ, ಹುಣ್ಣು ಕೀವಾದರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಉಳಿದುದಕ್ಕೆ ಒಂದು ರಟ್ಟಿನ ತುಂಡು, ಒಂದು ಅಳತೆ ಪಟ್ಟಿ, ಒಂದು ರಸಮಟ್ಟ ಸಾಕು. ಬರುವ ಭಾನುವಾರ ಮನೆಯ ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿ, ತುಳಿಯುವವರನ್ನು ಹತ್ತಿರ ಕರೆದು ಅಳತೆ ಆರಂಭಿಸಿರಿ.