ಶಾಸಕರೂ ಚೀಟಿ ಬರೆಸಲಿ

ಗದಗ ಜಿಲ್ಲೆಯ ಮುಂಡರಗಿಯ ಬಿಪಿಎಲ್ ಕಾರ್ಡಿನ ಮನೆಯಲ್ಲಿ ಯಾರಿಗಾದರೂ ದೊಡ್ಡ ಬೇನೆ ಬಂದರೆ ಮೊದಲು ರೆಫರಲ್ ಚೀಟಿ ಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ಕೊಟ್ಟಿದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ದವಾಖಾನೆಗೆ ಹೋಗಬೇಕು. ಇಲ್ಲಿ ಆಗದು ಎಂದು ಅಲ್ಲಿಯ ವೈದ್ಯರು ಬರೆದುಕೊಟ್ಟ ಮೇಲೆಯೇ ಖಾಸಗಿ ಆಸ್ಪತ್ರೆಯ ಮಾತು. ಶಿರಹಟ್ಟಿ, ಲಕ್ಷ್ಮೇಶ್ವರದ ಜನ ಕಾಗದ ಹಿಡಿದು ಗದಗಿನ ಜಿಮ್ಸ್ ಆಸ್ಪತ್ರೆಗೆ, ಅಲ್ಲಿಂದ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಗೆ ಅಲೆಯುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ.

ಗಡಿ ಕಾದು ಬಂದ ಮಾಜಿ ಸೈನಿಕನ ದಾರಿಯೂ ಇಂಥದೇ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ಗೆ ಆತ ಸಾಮಾನ್ಯವಾಗಿ ತನ್ನ ವಂತಿಗೆ ಕಟ್ಟಿರುತ್ತಾನೆ. ಆದರೂ ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಆ ಯೋಜನೆಯ ಪಾಲಿಕ್ಲಿನಿಕ್‌ನಲ್ಲಿ ಸರದಿ ನಿಂತು, ಬರೆಸಿಕೊಂಡೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸಿಯಾಚಿನ್‌ನಲ್ಲಿ ಬೆರಳು ಕಳೆದುಕೊಂಡವನಿಗೂ ಇದೇ ನಿಯಮ.

ನಾವು ಆರಿಸಿ ಕಳಿಸಿದವರಿಗೆ? ಶಾಸಕರ ವೈದ್ಯಕೀಯ ವೆಚ್ಚವನ್ನು ಖಜಾನೆ ಭರಿಸುತ್ತದೆ. ನಿಮ್ಮ ತಾಲ್ಲೂಕು ದವಾಖಾನೆಯಲ್ಲಿ ಮೊದಲು ತೋರಿಸಿದಿರಾ ಎಂದು ಅವರನ್ನು ಕೇಳುವವರಿಲ್ಲ. 2025ರ ಮಾರ್ಚ್‌ನಲ್ಲಿ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಅವರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಕೊರೊನಾದ 2020ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯೂ ವಿರೋಧ ಪಕ್ಷದ ನಾಯಕರೂ ಬೆಂಗಳೂರಿನ ಒಂದೇ ಖಾಸಗಿ ಆಸ್ಪತ್ರೆಯಲ್ಲಿ ಮಲಗಿದ್ದರು. ಸದನದಲ್ಲಿ ಎದುರುಬದುರು ಕೂರುವವರು ಈ ಒಂದು ವಿಷಯದಲ್ಲಿ ಒಂದಾಗಿದ್ದರು. ಆದರೆ ಅದೇ ತಿಂಗಳು ಆಗಿನ ಆರೋಗ್ಯ ಸಚಿವ ಬಿ. ಶ್ರೀರಾಮುಲು ಸರಕಾರಿ ಬೌರಿಂಗ್ ಆಸ್ಪತ್ರೆಗೆ ದಾಖಲಾದರು. ಅವರ ರಾಜಕೀಯವನ್ನು ಒಪ್ಪಲಿ ಬಿಡಲಿ, ಇದು ಆಗುವ ಕೆಲಸ ಎಂಬುದನ್ನು ಅವರು ತೋರಿಸಿಕೊಟ್ಟರು.

ಮುಂಡರಗಿ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಹಲ್ಲು ಕಂದಾದ ಮಕ್ಕಳು, ಕೀಲು ಬಿಗಿದ ಮುದುಕರು ಹಳ್ಳಿಹಳ್ಳಿಯಲ್ಲಿದ್ದಾರೆ. ಆ ನೋವು ಶಾಸಕರ ಮನೆಯ ಮೊಣಕಾಲಿಗೂ ಬಂದು, ಅವರೂ ತಾಲ್ಲೂಕು ದವಾಖಾನೆಯ ಬೆಂಚಿನ ಮೇಲೆ ಕಾದು ಕೂತರೆ ತಜ್ಞರ ಹುದ್ದೆ ಎಷ್ಟು ದಿನ ಖಾಲಿ ಉಳಿದೀತು? ಸ್ಕ್ಯಾನಿಂಗ್ ಯಂತ್ರ ಎಷ್ಟು ದಿನ ಕೆಟ್ಟು ನಿಂತೀತು?

ಇದು ಯಾರನ್ನೋ ಶಿಕ್ಷಿಸುವ ಆಸೆಯಿಂದ ಹೇಳುವ ಮಾತಲ್ಲ. ಖಜಾನೆಯಿಂದ ಸಂಬಳ ಪಡೆಯುವವರು ಸರಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆಯಬೇಕೆಂದು ಅಲಹಾಬಾದ್ ಹೈಕೋರ್ಟ್ 2018ರಲ್ಲಿ ಹೇಳಿತ್ತು. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆ ಬಂದಾಗ, ಆ ಕಾಯ್ದೆ ಜನರಿಗಾಗಿ ತೆರೆದ ಮಾರುಕಟ್ಟೆಯಲ್ಲೇ ಸಂಸದರೂ ವಿಮೆ ಕೊಳ್ಳಬೇಕೆಂದು ಅದರೊಳಗೇ ಬರೆದರು. ನಮಗೆ ಬೇಕಾದದ್ದು ಇನ್ನೂ ಸಣ್ಣದು: ಶಾಸಕರ ವೈದ್ಯಕೀಯ ನಿಯಮಕ್ಕೆ ಒಂದು ಸಾಲು. ತುರ್ತು ಸಂದರ್ಭ ಬಿಟ್ಟು, ಸ್ವಂತ ಕ್ಷೇತ್ರದ ಸರಕಾರಿ ದವಾಖಾನೆಯ ರೆಫರಲ್ ಇಲ್ಲದೆ ಯಾವ ಬಿಲ್ಲೂ ಪಾವತಿಯಾಗಬಾರದು. ಸಚಿವರಿಗೂ ವಿಧಾನ ಪರಿಷತ್ ಸದಸ್ಯರಿಗೂ ಇದೇ ಅನ್ವಯವಾಗಲಿ.

2023ರಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಖಾತೆ ವಹಿಸಿಕೊಂಡ ಎಚ್.ಕೆ. ಪಾಟೀಲರು ಗದಗಿನ ಶಾಸಕರು. ಏಷ್ಯಾದ ಮೊದಲನೆಯದೆಂದು ಹೇಳಲಾಗುವ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳವೂ ಗದಗ ತಾಲ್ಲೂಕಿನದೇ. ಹೊಸ ದಾರಿ ಹಾಕುವುದು ಈ ನೆಲಕ್ಕೆ ಹೊಸದಲ್ಲ. ಜಿಲ್ಲೆಯ ನಾಲ್ವರು ಶಾಸಕರು ನಿಯಮಕ್ಕೆ ಕಾಯದೆ ತಾವಾಗಿಯೇ ಮೊದಲು ಈ ಮಾತು ಕೊಡಲಿ.

ಬೆಟಗೇರಿಯ ನೇಕಾರ ಅಣ್ಣಂದಿರೇ, ಶಿರಹಟ್ಟಿಯ ಅಕ್ಕಂದಿರೇ, ಮಾಜಿ ಸೈನಿಕ ಹಿರಿಯರೇ, ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಈ ಬೇಡಿಕೆಯನ್ನು ಠರಾವು ಮಾಡಿಸಿ ವಿಧಾನಸಭಾಧ್ಯಕ್ಷರಿಗೆ ಕಳಿಸಿರಿ. ಮತ ಕೇಳಲು ಮನೆಗೆ ಬಂದವರು ಯಾವ ಪಕ್ಷದವರೇ ಇರಲಿ, ನಿಮಗೆ ಬೇನೆ ಬಂದರೆ ಯಾವ ದವಾಖಾನೆಗೆ ಹೋಗುತ್ತೀರಿ ಎಂದು ಮೊದಲು ಕೇಳಿರಿ.